ಕನಸೂ ರಜೆಯೂ

ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ ನಮ್ಮ ವಾಚಕರಲ್ಲಿ ಹಲವರು ಓದಿರುವ ಗ್ರಂಥ. 1946ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಇದು ಕನ್ನಡಕ್ಕೂ ಬಂದಿದೆ. ಇದರಲ್ಲಿ ಹೇಳಿರುವ ಅದ್ಭುತಗಳನ್ನು ನಂಬಬೇಕೆ ಎಂದು ವಾಚಕರೊಬ್ಬರು ನಮ್ಮನ್ನು ಕೇಳಿದ್ದಾರೆ. ಪ್ರಶ್ನೆ ಸಹಜವಾದುದು, ಆದರೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುವಂತಹುದಲ್ಲ.

ಈ ಗ್ರಂಥದ ಅದ್ಭುತಗಳು ಹಿಮಾಲಯದ ಗುಹೆಗಳಲ್ಲಿ ಮಾತ್ರ ನಡೆಯುವುದಿಲ್ಲ. ಕಚೇರಿಯಲ್ಲಿ, ರೈಲಿನಲ್ಲಿ, ಮನೆಯ ಅಂಗಳದಲ್ಲಿಯೂ ನಡೆಯುತ್ತವೆ. ಇದರ ಮಹಾಗುರು ಲಾಹಿರಿ ಮಹಾಶಯರು ಸರ್ಕಾರದ ಮಿಲಿಟರಿ ಇಂಜಿನಿಯರಿಂಗ್ ಇಲಾಖೆಯಲ್ಲಿ ಲೆಕ್ಕ ಬರೆದು 1886ರಲ್ಲಿ ಪಿಂಚಣಿ ಪಡೆದ ಗೃಹಸ್ಥರು. ಯೋಗಾನಂದರ ತಂದೆ ಬಂಗಾಳ-ನಾಗಪುರ ರೈಲ್ವೆಯ ಅಧಿಕಾರಿ. ಅವರ ಕೈಕೆಳಗಿನ ನೌಕರನೊಬ್ಬನು ಕಾಶಿಗೆ ಹೋಗಿ ಗುರುದರ್ಶನ ಮಾಡಲು ಒಂದು ವಾರದ ರಜೆ ಕೇಳುತ್ತಾನೆ. ಅಧಿಕಾರಿ ಹಾಸ್ಯ ಮಾಡಿ ನಿರಾಕರಿಸುತ್ತಾರೆ. ಸಂಜೆ ಮನೆಗೆ ಮರಳುವಾಗ ಬಯಲಿನಲ್ಲಿ ಆ ಗುರುವೇ ಪ್ರತ್ಯಕ್ಷನಾಗಿ, ನೌಕರನ ವಿಷಯದಲ್ಲಿ ನೀನು ನಿಷ್ಠುರನಾದೆ ಎಂದು ಹೇಳಿ ಮರೆಯಾದನಂತೆ. ರಜೆ ಮಂಜೂರಾಯಿತು, ಅಧಿಕಾರಿಯೂ ಪತ್ನೀಸಮೇತರಾಗಿ ಜೊತೆಗೆ ಹೊರಟರು!

ಇನ್ನೊಂದು ಪ್ರಸಂಗ ಕರುಣಾಜನಕವಾದುದು. ಹನ್ನೊಂದರ ಪ್ರಾಯದ ಬಾಲಕ ತಂದೆಯೊಡನೆ ಬರೇಲಿಯಲ್ಲಿದ್ದಾನೆ. ತಾಯಿ ಹಿರಿಯ ಮಗನ ಮದುವೆಯ ಸಿದ್ಧತೆಗಾಗಿ ಕಲಕತ್ತೆಯಲ್ಲಿದ್ದಾಳೆ. ನಡುರಾತ್ರಿ ತಾಯಿಯ ರೂಪವು ಕಾಣಿಸಿಕೊಂಡು ಬೇಗ ಬನ್ನಿರೆಂದು ಕರೆಯುತ್ತದೆ. ತಂದೆ ಅದನ್ನು ಭ್ರಮೆಯೆಂದು ತಳ್ಳಿಹಾಕುತ್ತಾರೆ. ಬೆಳಿಗ್ಗೆ ತಂತಿ ಬರುತ್ತದೆ. ಅವರು ಕಲಕತ್ತೆ ಮುಟ್ಟುವಷ್ಟರಲ್ಲಿ ತಾಯಿ ಇರಲಿಲ್ಲ.

ಈ ಪುಟವನ್ನು ಓದಿದಾಗಲೆಲ್ಲ ನಮ್ಮ ತಲೆ ತಗ್ಗುತ್ತದೆ. ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನು ಗಲ್ಲಾದ ಬಳಿ ನಿಂತು, ಕನಸಿನಲ್ಲಿ ಅಮ್ಮನನ್ನು ಕಂಡೆ, ಮನಸ್ಸು ಸರಿಯಿಲ್ಲ, ನಾಲ್ಕು ದಿನ ಊರಿಗೆ ಹೋಗಿಬರುತ್ತೇನೆ ಎಂದ. ಹಬ್ಬದ ದಿನಗಳು, ಗಿರಾಕಿಗಳ ನೂಕುನುಗ್ಗಲು. ಕನಸಿಗೂ ರಜೆಯೇ ಎಂದು ನಾವು ನಕ್ಕೆವು. ನಾವು ನಕ್ಕುದರಿಂದ ಉಳಿದವರೂ ನಕ್ಕರು. ಮೂರನೆಯ ದಿನ ಊರಿನಿಂದ ಫೋನು ಬಂತು. ಅವನಿಗೆ ತಾಯಿಯ ಮುಖ ನೋಡಲು ಸಿಗಲಿಲ್ಲ.

ಇದರಿಂದ ಕನಸು ಭವಿಷ್ಯ ನುಡಿಯುತ್ತದೆಂದು ಸಿದ್ಧವಾಯಿತೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಊರು ಬಿಟ್ಟು ಬಂದವರೆಲ್ಲರೂ ತಾಯಿಯ ಕನಸು ಕಾಣುವವರೇ. ತಾಯಿ ಸುಖವಾಗಿದ್ದರೆ ಆ ಕನಸು ಬೆಳಿಗ್ಗೆಯ ಚಹಾದೊಡನೆ ಮರೆತುಹೋಗುತ್ತದೆ. ಕೇಡು ಸಂಭವಿಸಿದರೆ ಮಾತ್ರ ಆಮರಣ ನೆನಪಿರುತ್ತದೆ. ನೆನಪಿನಲ್ಲಿ ಉಳಿದವನ್ನಷ್ಟೇ ಎಣಿಸಿ ತೀರ್ಮಾನಕ್ಕೆ ಬರುವುದು ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಲೆಕ್ಕದಂತೆ. ಆತ್ಮಕಥೆಯೆಂಬುದು ನೆನಪಿನ ಬರಹ. ಬರೆದವರು ಪ್ರಾಮಾಣಿಕರಾಗಿದ್ದರೂ ಅದು ಸಾಕ್ಷ್ಯವಾದೀತೇ ಹೊರತು ರುಜುವಾತಾಗದು.

ಈ ವಿವೇಕ ರೋಗದ ವಿಷಯದಲ್ಲಿ ಅತ್ಯಗತ್ಯ. ಎಂಟರ ಪ್ರಾಯದಲ್ಲಿ ತಮಗೆ ತಗಲಿದ ಕಾಲರಾ, ಗುರುವಿನ ಭಾವಚಿತ್ರದ ದರ್ಶನದಿಂದ ವಾಸಿಯಾಯಿತೆಂದು ಯೋಗಾನಂದರು ಬರೆದಿದ್ದಾರೆ. ಆದರೆ 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರಗಳಲ್ಲಿ ಅದೇ ರೋಗದಿಂದ ಅಸಂಖ್ಯ ಜನರನ್ನು ಉಳಿಸಿದುದು ಡಾ. ದಿಲೀಪ್ ಮಹಲನಬೀಸರು ಕುಡಿಸಿದ ಉಪ್ಪು-ಗ್ಲೂಕೋಸುಗಳ ನೀರು. ಕೋಣೆಯ ಗೋಡೆಯ ಮೇಲೆ ಪಟವಿರಲಿ. ಜ್ವರ ಬಂದರೆ ಮಾತ್ರ ವೈದ್ಯರ ಬಳಿಗೆ ಹೋಗತಕ್ಕದ್ದು.

ಹಾಗಾದರೆ ಗ್ರಂಥವನ್ನು ಬದಿಗಿಡಬೇಕೆ? ಬೇಡ. ಪ್ರತ್ಯಕ್ಷನಾದ ಗುರುವನ್ನು ನಂಬದವನೂ ರಜೆಗಾಗಿ ಕೈಕಟ್ಟಿ ನಿಂತ ಆ ನೌಕರನನ್ನು ನಂಬಲೇಬೇಕು. ಕನಸು ಸುಳ್ಳಾಗಿರಬಹುದು, ಕನಸು ಕಂಡವನ ಕಳವಳ ಸುಳ್ಳಲ್ಲ. ಯಜಮಾನನ ಮನಸ್ಸು ಕರಗಲು ಬಯಲಿನಲ್ಲಿ ದೇವಮಾನವನೇ ಇಳಿದುಬರಬೇಕೆ?

ಹೋಟೆಲು ಮಾಲಿಕರಿಗೂ ಕಚೇರಿಯ ಮೇಲಧಿಕಾರಿಗಳಿಗೂ ನಮ್ಮ ವಿನಂತಿ ಇಷ್ಟೇ: ತಾಯಿಯನ್ನು ನೋಡಿಬರುತ್ತೇನೆಂದವನಿಗೆ ಕಾರಣ ಕೇಳದೆ ರಜೆ ಕೊಡಿರಿ. ನಾವು ಕೊಡಲಿಲ್ಲ. ಆ ತಪ್ಪನ್ನು ಸರಿಪಡಿಸುವ ಅದ್ಭುತ ಯಾವ ಗ್ರಂಥದಲ್ಲಿಯೂ ನಮಗೆ ದೊರೆತಿಲ್ಲ.