ಸೈಲೆನ್ಸರ್ ಕಿತ್ತರೆ ವಾಲ್ವ್ ಸುಡುತ್ತದೆಯೇ?

ನಮ್ಮ ಸಿದ್ದಾಪುರದಲ್ಲಿ (ಉತ್ತರ ಕನ್ನಡದ್ದಲ್ಲ, ಕುಂದಾಪುರ ತಾಲೂಕಿನದ್ದು!) ಯಾರಾದರೂ ಹುಡುಗ ಕಾರಿನ ಸೈಲೆನ್ಸರ್ ಕತ್ತರಿಸಿದ ಅಂದರೆ ಸಾಕು, ಹಿರಿಯರ ಉಪದೇಶ ಶುರು. "ತಣ್ಣನ್ ಗಾಳಿ ಒಳ್ಗ್ ಹೋಯಿ ವಾಲ್ವ್ ಸುಟ್ಟ್ ಹೋತ್ತ್ ಮಾರಾಯಾ!"

ತಣ್ಣನೆ ಗಾಳಿ ತಾಗಿ ಸುಟ್ಟು ಹೋಗುವುದು... ನೀವೇ ಯೋಚಿಸಿ :)

ಎಕ್ಸಾಸ್ಟ್ ವಾಲ್ವ್ ಕೆಂಪಗೆ ಕಾಯುವುದು ನಿಜ. ಆದರೆ ಅದು ತೆರೆದಿರುವುದು ಸುಮಾರು ಮೂರನೇ ಒಂದು ಪಾಲು ಹೊತ್ತು. ಉಳಿದ ಹೊತ್ತು ಸೀಟಿನ ಮೇಲೆ ಗಟ್ಟಿಯಾಗಿ ಕೂತು, ತನ್ನ ಬಿಸಿಯ ಹೆಚ್ಚಿನ ಭಾಗವನ್ನು ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ. ಹಿಂದಿನ ಡಬ್ಬಿ ತೆಗೆದರೂ ಮ್ಯಾನಿಫೋಲ್ಡ್ ಮತ್ತು ಉದ್ದದ ಪೈಪು ಇದ್ದೇ ಇರುತ್ತವಲ್ಲ? ಅಲೆ ಹಿಂದಕ್ಕೆ ಬಂದರೂ ಬರುವುದು ಪೈಪಿನಲ್ಲಿರುವ ಬಿಸಿ ಹೊಗೆ, ಹೊರಗಿನ ತಣ್ಣನೆ ಗಾಳಿಯಲ್ಲ. ಮ್ಯಾನಿಫೋಲ್ಡನ್ನೇ ಬಿಚ್ಚಿ ಓಡಿಸಿದರೆ ಆ ಮಾತು ಬೇರೆ.

ಹಾಗಾದರೆ ವಾಲ್ವ್ ಸುಡುವುದು ಯಾವುದರಿಂದ? ಟ್ಯಾಪೆಟ್ ಬಿಗಿಯಾದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಬಿಸಿಗೆ ಹೋಗಲು ದಾರಿಯಿಲ್ಲ. ಅಂಥ ಗಾಡಿಗೆ ಲೋಡ್ ಹಾಕಿ ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತಿಸಿ, ಮತ್ತೆ ಕೇಳುವುದೇ ಬೇಡ. ಸೀಟಿನ ಮೇಲೆ ಕಾರ್ಬನ್ ಕೂತರೂ ಇದೇ ಕಥೆ. ಗ್ಯಾಸ್ ಕಿಟ್ ಹಾಕಿದ ಕೆಲವು ಇಂಜಿನ್‌ಗಳಲ್ಲಿ ಸೀಟೇ ಸವೆಯುತ್ತದೆ. ಹಳೆ ಕಾರ್ಬ್ಯುರೇಟರ್ ಗಾಡಿಯಲ್ಲಿ ಸೈಲೆನ್ಸರ್ ಕಿತ್ತು ಜೆಟ್ ಸರಿಮಾಡದಿದ್ದರೆ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಕಾಯಬಹುದು. ಈ ಮಾತಿನಲ್ಲಿ ಹುರುಳಿರುವುದು ಅಷ್ಟೇ. ಇಂಜೆಕ್ಷನ್ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಪೈಪ್ ತೂತಾದರೆ ಹೊರಗಿನ ಗಾಳಿ ಸೇರಿ ಸೆನ್ಸರ್ ಮೋಸ ಹೋಗುತ್ತದೆ, ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಹಾಳಾಗುವುದು ಮೈಲೇಜು ಮತ್ತು ಕ್ಯಾಟಲಿಟಿಕ್ ಕನ್ವರ್ಟರ್.

"ಹೇಗೂ ಸೈಲೆನ್ಸರ್ ಕೀಳುವುದು ತಪ್ಪೇ ಅಲ್ವಾ, ಸುಳ್ಳು ಹೇಳಿಯಾದರೂ ಹೆದರಿಸಿದರೆ ಏನಾಯ್ತು?" ಅನ್ನುತ್ತಾರೆ. ನನ್ನ ಜಗಳ ಇರುವುದೇ ಇಲ್ಲಿ. ಮೊದಲನೆಯದು, ವಾಲ್ವ್ ಸುಟ್ಟಾಗ ಪೈಪಿನ ಮೇಲೆ ಗೂಬೆ ಕೂರಿಸಿದರೆ ಟ್ಯಾಪೆಟ್ ನೋಡುವವರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೆಡ್ ಕೆಲಸಕ್ಕೆ ದುಡ್ಡು ಸುರಿದವನ ವಾಲ್ವ್ ಮತ್ತೆ ಸುಡುತ್ತದೆ. ಎರಡನೆಯದು, ವರ್ಷಗಟ್ಟಲೆ ಓಡಿಸಿದರೂ ವಾಲ್ವಿಗೆ ಏನೂ ಆಗದ್ದು ಕಂಡ ಹುಡುಗ, ನೀವು ಹೇಳುವ ನಿಜವನ್ನೂ ನಂಬುವುದಿಲ್ಲ.

ನಿಜ ಹೇಳಿದರೆ ಸಾಲದೇ? ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೦ನೇ ನಿಯಮದ ಪ್ರಕಾರ ಸೈಲೆನ್ಸರ್ ಕಡ್ಡಾಯ. ೨೦೧೯ರ ತಿದ್ದುಪಡಿಯ ನಂತರ ಶಬ್ದದ ನಿಯಮ ಮುರಿದವರಿಗೆ ಹತ್ತು ಸಾವಿರದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ; ಲೈಸೆನ್ಸೂ ಮೂರು ತಿಂಗಳು ಇಲ್ಲ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಹನ್ನೆರಡಕ್ಕೆ ತೊಟ್ಟಿಲ ಮಗು ಬೆಚ್ಚಿ ಬೀಳುತ್ತದೆ, ಹಾಸಿಗೆ ಹಿಡಿದ ಅಜ್ಜ ಮತ್ತೆ ಕಣ್ಣು ಮುಚ್ಚುವುದಿಲ್ಲ.

ವಾಲ್ವ್ ಸುಡುವುದಿಲ್ಲ ಕಣ್ರೋ, ಸುಡುವುದು ಅಕ್ಕಪಕ್ಕದವರ ಹೊಟ್ಟೆ. ಅಷ್ಟು ಕಾರಣ ಸಾಕು, ಸೈಲೆನ್ಸರ್ ವಾಪಸ್ ಹಾಕಿಸಿ.