ಹಡಗಿನಲ್ಲಿ ಕಾದ ಒಂದು ರಾತ್ರಿ

ಎಳೆಯ ಅತಿಥಿಗಳೊಡನೆ ಮೆಡಿಟರೇನಿಯನ್ ತೀರದಲ್ಲಿ ನೌಕಾಯಾನ ಮಾಡುವವರು ದಿನಕ್ಕೊಂದು ಬಂದರು ತೋರಿಸಿ ಮುಗಿಸುವ ಅವಸರಕ್ಕೆ ಬೀಳಬಾರದೆಂದು ನನ್ನ ಅಭಿಪ್ರಾಯ. ಪಾಂಪೆಯ ಇತಿಹಾಸವನ್ನು ನಾನು ಮೇಷ್ಟರ ಗತ್ತಿನಲ್ಲಿ ಒಪ್ಪಿಸಿದಾಗ ತಂಗಿಯ ಮೊಮ್ಮಕ್ಕಳಿಬ್ಬರೂ ಆಕಳಿಸಿದರು.

ಆ ರಾತ್ರಿ ಹಡಗು ಸಿಸಿಲಿಯ ಉತ್ತರಕ್ಕಿರುವ ಸ್ಟ್ರಾಂಬೋಲಿ ದ್ವೀಪದ ಬಳಿ ಸಾಗಿತು. ಸುಮಾರು 920 ಮೀಟರ್ ಎತ್ತರದ ಈ ಜ್ವಾಲಾಮುಖಿ 2000 ವರ್ಷಗಳಿಗೂ ಮಿಗಿಲಾಗಿ ಆಗಾಗ ಕಿಡಿ ಕಾರುತ್ತಲೇ ಬಂದಿದೆ. ‘ಮೆಡಿಟರೇನಿಯನ್ನಿನ ದೀಪಸ್ತಂಭ’ವೆಂದೇ ಹೆಸರು. ಆದರೆ ಅದು ಯಾರ ವೇಳಾಪಟ್ಟಿಗೂ ಬಗ್ಗದು. ಕತ್ತಲಲ್ಲಿ ಕಟಾಂಜನ ಹಿಡಿದು ಮೂವರೂ ಕಾದೆವು. ಹೊಸ ಶಾಲೆಯ ಭಯವನ್ನು ಹುಡುಗಿ ತಾನಾಗಿ ಹೇಳಿಕೊಂಡದ್ದು ಆಗಲೇ. ಶಿಖರದಲ್ಲಿ ಕೆಂಪು ಚಿಮ್ಮಿದಾಗ, “ಅಜ್ಜಾ, ಇನ್ನೊಮ್ಮೆ ಕಾಯೋಣ” ಎಂದಳು.

ಬಿಡುವಿದ್ದಲ್ಲಿ ಮಾತ್ರ ಮಕ್ಕಳು ಮನಸ್ಸು ಬಿಚ್ಚುತ್ತಾರೆ. ಗಂಟೆ ಬಾರಿಸಿದೊಡನೆ ಪುಸ್ತಕ ಮುಚ್ಚಿ ಹೊರಡುತ್ತಿದ್ದ ನನ್ನನ್ನು ಹಳೆಯ ವಿದ್ಯಾರ್ಥಿಗಳು ಕ್ಷಮಿಸಲಿ.