ಧಣಿಯ ನಾಯಿಗೆ ಬದುವಿಲ್ಲ, ನಮ್ಮ ಮೇಕೆಗೆ ದೊಡ್ಡಿ

ಹಾಸ್ಟೆಲಿನ ಗೆಳೆಯರೆ,

ದಸರೆ ರಜಕ್ಕೆ ಊರಿಗೆ ಹೋದಾಗ ಕಾಡಂಚಿನ ಹೊಲಗಳ ಕಡೆ ಒಂದು ಸುತ್ತು ಹೋಗಿ ಬನ್ನಿ. ಸರ್ಕಾರ ಅಪ್ಪನಿಗೆ ಮಂಜೂರು ಮಾಡಿದ ಒಂದೂವರೆ ಎಕರೆ. ಕಲ್ಲು ಆರಿಸಿ, ಮುಳ್ಳು ಕಿತ್ತು, ಸಾಲ ಮಾಡಿ ಬಿತ್ತಿದ ಹುರುಳಿ. ರಾತ್ರಿ ಧಣಿಗಳ ಮಕ್ಕಳು ಜೀಪಿನಲ್ಲಿ ಬಂದು ನಾಲ್ಕು ಬೇಟೆನಾಯಿ ಬಿಡುತ್ತಾರೆ. ಜೀವ ಉಳಿಸಿಕೊಳ್ಳಲು ಜಿಂಕೆ ಹೊಲಕ್ಕೆ ನುಗ್ಗುತ್ತದೆ. ಅದರ ಹಿಂದೆ ನಾಯಿ, ನಾಯಿಯ ಹಿಂದೆ ಬೂಟುಕಾಲು. ಬೆಳಿಗ್ಗೆ ನೋಡಿದರೆ ಹುರುಳಿ ನೆಲ ಕಚ್ಚಿದೆ. ಅಪ್ಪ ಹೋಗಿ ಕೇಳಿದರೆ ಉತ್ತರ ಏನು? "ನಾಯಿಗೇನ್ಲಾ ಗೊತ್ತು ಯಾರ ಬದು ಅಂತ?"

ಸರಿ ಸ್ವಾಮಿ, ನಮ್ಮ ಮೇಕೆಗೆ ಮಾತ್ರ ಹೇಗೆ ಗೊತ್ತಾಗಬೇಕು? ಧಣಿಯ ತೋಟದಲ್ಲಿ ಎರಡು ಎಲೆ ಬಾಯಿಗೆ ಹಾಕಿದರೆ ಅದನ್ನು ದೊಡ್ಡಿಗೆ ಎಳೆಯುತ್ತಾರೆ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು, ಬೈಗುಳ ಬೇರೆ. ಬ್ರಿಟಿಷರು ಮಾಡಿದ 1871ರ ಕ್ಯಾಟಲ್ ಟ್ರೆಸ್‌ಪಾಸ್ ಕಾಯಿದೆಯ ಪಟ್ಟಿ ಓದಿ ನೋಡಿ. ಆನೆ ಇದೆ, ಒಂಟೆ ಇದೆ, ಕತ್ತೆ, ಹಂದಿ, ಕುರಿ, ಮೇಕೆ, ಮೇಕೆಮರಿಯೂ ಇದೆ. ನಾಯಿ ಇಲ್ಲ! ನಾಯಿ ಮೇಯೋದಿಲ್ಲ ಅಂತೀರಾ? ಮೇಯದಿದ್ದರೂ ತುಳಿಯುತ್ತದೆ.

ಈ ನ್ಯಾಯ ಆ ಬ್ರಿಟಿಷರ ಮನೆಯಲ್ಲೇ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ರಾಜನ ಕಾಡಿನೊಳಗೆ ಬದುಕುವ ಜನರ ನಾಯಿಗಳು ರಾಜನ ಜಿಂಕೆ ಅಟ್ಟಬಾರದೆಂದು ಅವುಗಳ ಮುಂಗಾಲಿನ ಮೂರು ಉಗುರು ಕತ್ತರಿಸುತ್ತಿದ್ದರು. 1217ರ ಕಾಡಿನ ಸನ್ನದಿನಲ್ಲೇ ಈ ಲೆಕ್ಕ ಬರೆದಿದೆ. 1671ರ ಬೇಟೆ ಕಾಯಿದೆಯಂತೂ, ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಇಲ್ಲದ ಸಾಮಾನ್ಯ ರೈತ ಬೇಟೆನಾಯಿಯನ್ನೇ ಸಾಕಬಾರದು ಅಂದಿತು. ಉಳ್ಳವನ ನಾಯಿಗೆ ಓಟ, ಇಲ್ಲದವನ ನಾಯಿಗೆ ಕತ್ತರಿ.

ನಮ್ಮ ದೇಶದಲ್ಲಿ ಇದಕ್ಕೆ ಜಾತಿಯೂ ಸೇರಿತು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಜನರನ್ನು ಕರೆದುಕೊಂಡು ಹೋದದ್ದೇಕೆ? ನಾಯಿ ಕುಡಿಯುವ ನೀರನ್ನು ಮನುಷ್ಯ ಮುಟ್ಟುವಂತಿರಲಿಲ್ಲ. ಇವತ್ತು ನಾಯಿ ನಮ್ಮ ಹೊಲ ತುಳಿಯಬಹುದು, ನಾವು ಬಾಯಿ ಬಿಡುವಂತಿಲ್ಲ!

"ಬೇಟೆ ಹಿರೀಕರ ಪದ್ಧತಿ" ಅಂತಾರೆ ಕೆಲವರು. ಅಸ್ಪೃಶ್ಯತೆಯೂ ಹಿರೀಕರ ಪದ್ಧತಿಯೇ. "ಜಿಂಕೆ ಬೆಳೆ ತಿನ್ನುತ್ತೆ, ಹೊಡೆದರೆ ನಿಮಗೇ ಉಪಕಾರ" ಅಂತಾರೆ ಇನ್ನು ಕೆಲವರು. ಉಪಕಾರ ಮಾಡುವವನು ಹೊಲದವನನ್ನು ಕೇಳಿ ಒಳಗೆ ಬರುತ್ತಾನೆ. ಕೇಳದೆ ಬರುವವನು ಬೆಳೆ ಕಾಯುವವನಲ್ಲ, ಈ ಹೊಲಕ್ಕೆ ಯಜಮಾನನೇ ಇಲ್ಲ ಅಂತ ಸಾರುವವನು. ಇಂದು ನಾಯಿ ದಾಟಿದ ಬದುವನ್ನು ನಾಳೆ ಟ್ರ್ಯಾಕ್ಟರ್ ದಾಟುತ್ತದೆ.

ಅದಕ್ಕೇ ಕಾಯಿದೆ ತಿಳಿಯಿರಿ. 1972ರ ವನ್ಯಜೀವಿ ಕಾಯಿದೆಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ, ಅಟ್ಟುವುದೂ ಬೇಟೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ, ಪರಿಶಿಷ್ಟರಲ್ಲದವರು ಪರಿಶಿಷ್ಟರ ಭೂಮಿಯಲ್ಲಿ ಬೆಳೆ ನಾಶ ಮಾಡುವುದೂ ಅಪರಾಧಗಳ ಪಟ್ಟಿಯಲ್ಲಿದೆ. ಮಂಜೂರಾದ ಭೂಮಿ ಪರರ ಪಾಲಾಗದಂತೆ ಕಾಯಲು 1978ರ ಪಿಟಿಸಿಎಲ್ ಕಾಯಿದೆ ಇದೆ.

ಇನ್ನು ನಮ್ಮ ಮನೆಯ ಮಾತು. ರಜಕ್ಕೆ ಹೋದ ನಮ್ಮ ಹುಡುಗರೇ ಒಂದು ಪಾಲು ಬಾಡಿನ ಆಸೆಗೆ, ಒಂದು ಬಾಟಲಿಯ ಆಸೆಗೆ ಪೊದೆ ಬಡಿಯಲು ಹೋಗುತ್ತಾರೆ. ತೊಡೆ ಧಣಿಗೆ, ಮೂಳೆ ನಮಗೆ. ಫಾರೆಸ್ಟಿನವರು ಬಂದರೆ ಜೀಪು ಓಡುತ್ತದೆ, ಕಾಲ್ನಡಿಗೆಯವನು ಸಿಕ್ಕಿಬೀಳುತ್ತಾನೆ. ಕೇಸು ಬಿದ್ದ ಮೇಲೆ ನಿನ್ನ ಓದು, ನೌಕರಿ ಏನಾಯಿತು ತಮ್ಮಾ? ಧಣಿಯ ಐದನೆಯ ನಾಯಿ ಆಗಬೇಡ.

ಹಾಗೆಂದು ನಮ್ಮ ಕೇರಿಯ ನಾಯಿ ಪಕ್ಕದವನ ಹೊಲ ಹಾಳು ಮಾಡಿದರೆ ಅದೂ ತಪ್ಪೇ. ಕಟ್ಟಿ ಹಾಕೋಣ, ನಷ್ಟ ತುಂಬಿಕೊಡೋಣ. ಬದು ಅಂದರೆ ಎರಡೂ ಕಡೆಯವರಿಗೆ ಬದು.

ಊರಿಗೆ ಹೋದಾಗ ಪಹಣಿ ತೆಗೆಸಿ ಇಡಿ. ಬೆಳೆ ಹಾಳಾದ ದಿನ, ಹೊತ್ತು, ನೋಡಿದವರ ಹೆಸರು ಬರೆದಿಡಿ. ಅಪ್ಪನ ಜೊತೆ ಠಾಣೆಗೆ ಹೋಗಿ, ಅರ್ಜಿ ನೀವೇ ಬರೆಯಿರಿ, ಸ್ವೀಕೃತಿ ಕೇಳಿ ಪಡೆಯಿರಿ. ಹಾಸ್ಟೆಲಿನ ಮುದ್ದೆ ತಿಂದು ಕಲಿತ ಅಕ್ಷರ ಇಂಥದಕ್ಕಲ್ಲದೆ ಇನ್ನಾವುದಕ್ಕೆ?

ನಾಯಿಗೆ ಬದು ಗೊತ್ತಿಲ್ಲದಿರಬಹುದು. ಅದರ ಹಗ್ಗ ಹಿಡಿದವನಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲ ಅಂದರೆ ಗೊತ್ತು ಮಾಡಿಸೋಣ.

ಜೈ ಭೀಮ್!